ಹಳೆಯ ನಾಣ್ಯಗಳ ದರ್ಜೆಯೂ ಬೆಲೆಯೂ

ಕನ್ನಡದಲ್ಲಿ ‘ನಾಣ್ಯ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಟಂಕಸಾಲೆಯಲ್ಲಿ ಅಚ್ಚೊತ್ತಿದ ಲೋಹದ ಬಿಲ್ಲೆ ಎಂಬುದು ಒಂದು. ಗುಣ, ನಂಬಿಕೆ ಎಂಬುದು ಇನ್ನೊಂದು. ‘ನಾಣ್ಯವಾದ ಬಟ್ಟೆ’ ಎಂದರೆ ಬಾಳಿಕೆ ಬರುವ ಒಳ್ಳೆಯ ಬಟ್ಟೆ. ‘ನಾಣ್ಯಸ್ಥ’ ಎಂದರೆ ಕೊಟ್ಟ ಮಾತಿಗೆ ತಪ್ಪದವನು. ಈ ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ಕೂಡಿರುವುದು ಸಹಜವಾಗಿಯೇ ಇದೆ. ನಾಣ್ಯದ ಮೇಲಣ ಮುದ್ರೆಯೆಂದರೆ, ಇದರ ತೂಕ ಇಷ್ಟು, ಇದರ ಲೋಹ ಇಂಥದು ಎಂದು ದೊರೆತನವೇ ಪ್ರಜೆಗೆ ಕೊಟ್ಟ ಮಾತು. ಆದರೆ ಚಲಾವಣೆ ನಿಂತುಹೋದ ನಾಣ್ಯವು ಸಂಗ್ರಾಹಕರ ಪೇಟೆಗೆ ಬಂದಾಗ ಆ ಮುದ್ರೆ ಅದರ ಇಂದಿನ ಬೆಲೆಯನ್ನು ಹೇಳಲಾರದು. ಅಲ್ಲಿ ದರ್ಜೆಯನ್ನು ಹೇಳುವವನೂ ಬೆಲೆಯನ್ನು ಕಟ್ಟುವವನೂ ಬಹಳ ವೇಳೆ ಮಾರುವವನೇ ಆಗಿರುತ್ತಾನೆ. ಅವನ ಮಾತು ಎಷ್ಟರಮಟ್ಟಿಗೆ ನಾಣ್ಯವಾದುದು ಎಂಬುದನ್ನು ತೂಗಿ ನೋಡುವ ಹೊಣೆ ಕೊಳ್ಳುವವನ ಮೇಲೆ ಬೀಳುತ್ತದೆ.

ನಾಣ್ಯಗಳ ಹರಾಜು ಹಿಂದೆಯೂ ನಡೆಯುತ್ತಿತ್ತು. ಬಲ್ಲವರು ಹತ್ತಾರು ಮಂದಿ ಒಂದು ಕೋಣೆಯಲ್ಲಿ ಕುಳಿತು, ನಾಣ್ಯವನ್ನು ಕೈಯಲ್ಲಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ಕೂಗುತ್ತಿದ್ದರು. ಈಗ ಅಂತರಜಾಲದಲ್ಲಿ ಹರಾಜು ನಡೆಯುತ್ತದೆ. ಮನೆಯಲ್ಲಿಯೇ ಕುಳಿತು ಮೊಬೈಲಿನ ಪರದೆಯ ಮೇಲಣ ಚಿತ್ರವೊಂದನ್ನು ನೋಡಿ ಹಣ ಕಳುಹಿಸಬಹುದು. ಇದರಿಂದ ಸಣ್ಣ ಊರಿನ ಆಸಕ್ತರಿಗೆ ದೊಡ್ಡ ಪೇಟೆಯ ಬಾಗಿಲು ತೆರೆಯಿತೆಂಬುದು ನಿಜ. ಆದರೆ ಕೈಯಲ್ಲಿ ಹಿಡಿದು ನೋಡುವ ಅವಕಾಶ ತಪ್ಪಿತು. ಮೋಸಕ್ಕೆ ಎಡೆಯಾದದ್ದು ಇಲ್ಲಿಯೇ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಹಳೆಯದಾದುದೆಲ್ಲ ಬೆಲೆಯುಳ್ಳದ್ದಲ್ಲ. ನಾಣ್ಯದ ಬೆಲೆಯನ್ನು ನಿರ್ಣಯಿಸುವ ಸಂಗತಿಗಳು ಮುಖ್ಯವಾಗಿ ಮೂರು: ಅಂಥ ನಾಣ್ಯಗಳು ಎಷ್ಟು ಉಳಿದಿವೆ, ಈ ನಾಣ್ಯ ಯಾವ ಸ್ಥಿತಿಯಲ್ಲಿದೆ, ಅದನ್ನು ಬಯಸುವವರು ಎಷ್ಟು ಮಂದಿ ಇದ್ದಾರೆ. ವಯಸ್ಸು ಇವುಗಳ ಹಿಂದೆ ನಿಲ್ಲುತ್ತದೆ. ವಿಕ್ಟೋರಿಯಾ ರಾಣಿಯ ಚಿತ್ರವುಳ್ಳ 1862ರ ರೂಪಾಯಿಯನ್ನು ನೋಡಿರಿ. 1862 ಎಂಬ ಇಸವಿಯನ್ನು ಬದಲಿಸದೆಯೇ 1874ರವರೆಗೆ ಅದನ್ನು ಅಚ್ಚುಹಾಕುತ್ತ ಹೋದರು. ಆದುದರಿಂದ ಅದು ಹೇರಳವಾಗಿ ಉಳಿದಿದೆ. ಆರನೆಯ ಜಾರ್ಜನ 1939ರ ರೂಪಾಯಿ ಅದಕ್ಕಿಂತ ಎಷ್ಟೋ ಚಿಕ್ಕದು. ಆದರೆ ಅದು ದೊರೆಯುವುದೇ ಅಪರೂಪ. ಮೊಮ್ಮಗ ಅಜ್ಜನಿಗಿಂತ ಹೆಚ್ಚು ಬೆಲೆಬಾಳುವ ಪ್ರಸಂಗ ಇದು. ಹೀಗಾಗಿ ‘ನೂರೈವತ್ತು ವರ್ಷ ಹಳೆಯದು’ ಎಂಬ ಒಂದೇ ಮಾತನ್ನು ಮುಂದೊಡ್ಡಿ ಹೆಚ್ಚಿನ ಬೆಲೆ ಕೇಳುವವನು ಏನನ್ನೂ ಹೇಳಿದಂತಾಗಲಿಲ್ಲ.

ಇನ್ನು ದರ್ಜೆಯ ವಿಚಾರ. ನಾಣ್ಯ ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಎಂಬುದನ್ನು ಅಳೆದು ಹೇಳುವುದೇ ದರ್ಜೆ. ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ಅಳತೆಗೋಲು 1ರಿಂದ 70ರವರೆಗಿನ ಅಂಕಿಗಳದು. ಇದನ್ನು ಮೊದಲು ಹೂಡಿದವನು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಶೆಲ್ಡನ್. 1949ರಲ್ಲಿ ಆ ದೇಶದ ಹಳೆಯ ತಾಮ್ರದ ಸೆಂಟ್ ನಾಣ್ಯಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಅವನು ಇದನ್ನು ಮುಂದಿಟ್ಟನು. ಅವನ ಲೆಕ್ಕ ಸರಳವಾಗಿತ್ತು. ಗುರುತು ಹಿಡಿಯಲು ಮಾತ್ರ ಆಗುವಷ್ಟು ಸವೆದ ನಾಣ್ಯದ ಬೆಲೆ ಒಂದು ಪಾಲಾದರೆ, ಸ್ವಲ್ಪವೂ ಕೆಡದ ನಾಣ್ಯದ ಬೆಲೆ ಅದರ ಎಪ್ಪತ್ತು ಪಾಲು. ನಡುವಣ ದರ್ಜೆಗಳಿಗೆ ನಡುವಣ ಅಂಕಿಗಳು. ಎಂದರೆ ಈ ದರ್ಜೆಯ ಅಂಕಿ ಹುಟ್ಟಿದ್ದೇ ಬೆಲೆಯನ್ನು ಗುಣಿಸುವ ಅಂಕಿಯಾಗಿ. ಪೇಟೆಯ ಬೆಲೆ ಈ ಲೆಕ್ಕಕ್ಕೆ ಬಹುಕಾಲ ಬಗ್ಗಲಿಲ್ಲ. ಲೆಕ್ಕ ಕಳಚಿ ಬಿತ್ತು, ಅಂಕಿ ಮಾತ್ರ ಉಳಿಯಿತು. 1970ರ ದಶಕದಲ್ಲಿ ಅಮೆರಿಕದ ನಾಣ್ಯ ಸಂಘವು ಅದನ್ನು ಬೇರೆ ನಾಣ್ಯಗಳಿಗೂ ಅನ್ವಯಿಸಿತು. ಇನ್ನೊಂದು ಮಾತನ್ನೂ ಹೇಳಬೇಕು. ನ್ಯೂಯಾರ್ಕಿನ ನಾಣ್ಯಶಾಸ್ತ್ರ ಸಂಸ್ಥೆಯೊಂದರ ಸಂಗ್ರಹದಲ್ಲಿದ್ದ ಉತ್ತಮ ಸೆಂಟುಗಳನ್ನು ಇದೇ ಶೆಲ್ಡನ್ನನು ತೆಗೆದುಕೊಂಡು, ಅವುಗಳ ಜಾಗದಲ್ಲಿ ಕೀಳು ದರ್ಜೆಯವನ್ನು ಇಟ್ಟಿದ್ದನೆಂಬುದು ಅನಂತರ ಬಯಲಾಯಿತು. ಅಳತೆಗೋಲನ್ನು ಮಾಡಿದವನ ಕೈಯೇ ಹೀಗಿದ್ದ ಮೇಲೆ, ಅದನ್ನು ಹಿಡಿದ ಮಾರಾಟಗಾರರನ್ನೆಲ್ಲ ಕಣ್ಣು ಮುಚ್ಚಿ ನಂಬುವುದು ಜಾಣತನವಲ್ಲ.

ಅಂಕಿಗಳ ಜೊತೆಗೆ ಕೆಲವು ಇಂಗ್ಲಿಷ್ ಹೆಸರುಗಳೂ ಇವೆ. ಹರಾಜಿನ ವಿವರಣೆಗಳಲ್ಲಿ ಇವನ್ನೇ ಕಾಣುತ್ತೀರಿ. ಇಲ್ಲಿ ಭಾಷೆಯ ಸ್ವಾರಸ್ಯವೊಂದಿದೆ. ‘ಗುಡ್’ ಎಂಬ ಹೆಸರು ಕೇಳಿ ಒಳ್ಳೆಯ ನಾಣ್ಯವೆಂದು ತಿಳಿದೀರಿ. ಅದಕ್ಕೆ 70ರಲ್ಲಿ 4ರಿಂದ 6 ಅಂಕಿ ಮಾತ್ರ! ಮುಖದ ಹೊರಗೆರೆ ಕಾಣುತ್ತದೆ, ಉಳಿದುದೆಲ್ಲ ಸವೆದುಹೋಗಿದೆ ಎಂದು ಅದರ ಅರ್ಥ. ‘ವೆರಿ ಗುಡ್’ ಎಂಬುದು 8ರಿಂದ 10. ‘ಫೈನ್’ 12ರಿಂದ 15. ‘ವೆರಿ ಫೈನ್’ 20ರಿಂದ 35. ‘ಎಕ್ಸ್‌ಟ್ರೀಮ್ಲಿ ಫೈನ್’ 40ರಿಂದ 45. ಹೆಚ್ಚುಕಡಮೆ ಸವೆಯದಿರುವುದು 50ರಿಂದ 58. ಚಲಾವಣೆಗೇ ಹೋಗದ ‘ಅನ್‌ಸರ್ಕ್ಯುಲೇಟೆಡ್’ 60ರಿಂದ ಮೇಲಕ್ಕೆ. ವಿಶೇಷಣಗಳಿಗೆ ಇಲ್ಲಿ ನಿಘಂಟಿನ ಅರ್ಥವಿಲ್ಲ, ಪಾರಿಭಾಷಿಕ ಅರ್ಥವುಂಟು. ಇದನ್ನು ತಿಳಿಯದ ಮಾರಾಟಗಾರನು ಕೈಗೆ ಬಂದ ಹೆಸರನ್ನು ಬರೆಯುತ್ತಾನೆ. ತಿಳಿದ ಕಪಟಿಯು ಬೇಕೆಂದೇ ಎರಡು ಮೆಟ್ಟಿಲು ಮೇಲಣ ಹೆಸರನ್ನು ಬರೆಯುತ್ತಾನೆ. ಅಪರೂಪದ ನಾಣ್ಯದಲ್ಲಿ ಒಂದು ಮೆಟ್ಟಿಲು ಏರಿದರೆ ಬೆಲೆ ಕೆಲವು ಪಟ್ಟು ಏರುವುದುಂಟು. ಮೋಸದ ಲಾಭವೆಲ್ಲ ಈ ಮೆಟ್ಟಿಲಿನಲ್ಲಿದೆ.

ದರ್ಜೆಯನ್ನು ನೀವೇ ಒರೆಹಚ್ಚಿ ನೋಡಲು ಬರುತ್ತದೆಯೆ? ತಕ್ಕಮಟ್ಟಿಗೆ ಬರುತ್ತದೆ. ನಾಣ್ಯ ಕೈಯಿಂದ ಕೈಗೆ ಹೋಗುವಾಗ ಮೊದಲು ಸವೆಯುವುದು ಅದರ ಉಬ್ಬಿದ ಭಾಗಗಳು. ಐದನೆಯ ಜಾರ್ಜನ ರೂಪಾಯಿಯಲ್ಲಿ ಕಿವಿ, ಗಡ್ಡದ ಎಳೆ, ಕಿರೀಟದ ಮಣಿ, ನಿಲುವಂಗಿಯ ಮೇಲಣ ಹಾರದ ಆನೆ, ಇವನ್ನು ನೋಡಬೇಕು. ಆನೆಯೆಂದಾಗ ಒಂದು ಕಥೆ ನೆನಪಾಗುತ್ತದೆ. 1911ರ ರೂಪಾಯಿಯಲ್ಲಿ ಈ ಆನೆಯ ಸೊಂಡಿಲು ಮೊಟಕಾಗಿದ್ದು ಅದು ಹಂದಿಯಂತೆ ಕಂಡಿತು. ಜನ ‘ಹಂದಿಯ ರೂಪಾಯಿ’ ಎಂದು ಕರೆದು ಅಸಮಾಧಾನಪಟ್ಟರು. ಸರ್ಕಾರ ಅದನ್ನು ಹಿಂತೆಗೆದುಕೊಂಡು, ಬಹುಪಾಲನ್ನು ಕರಗಿಸಿ, 1912ರಿಂದ ಆನೆಯನ್ನು ತಿದ್ದಿ ಬರೆಯಿಸಿತು. ಆದುದರಿಂದ 1911ರದು ಸಂಗ್ರಾಹಕರಿಗೆ ಬೇಕಾದ ನಾಣ್ಯ. ಆದರೆ ಮುಂದಿನ ವರ್ಷಗಳ ನಾಣ್ಯದಲ್ಲಿ ಆನೆ ಸವೆದು ಮಸಕಾಗಿದ್ದರೆ ಅದೂ ಹಂದಿಯಂತೆ ಕಂಡೀತು! ಚಿತ್ರವನ್ನು ನಂಬದೆ ಹಿಂಬದಿಯ ಇಸವಿಯನ್ನು ಓದಬೇಕು.

ಚಿತ್ರದ ಮಾತು ಬಂದುದರಿಂದ ಛಾಯಾಚಿತ್ರದ ಬಗೆಯನ್ನೂ ಹೇಳಬೇಕು. ನೇರವಾಗಿ ಬೆಳಕು ಬಿಟ್ಟು ತೆಗೆದ ಚಿತ್ರದಲ್ಲಿ ಸಣ್ಣ ಗೀರುಗಳು ಮುಚ್ಚಿಹೋಗುತ್ತವೆ. ಓರೆಯಾಗಿ ಬೆಳಕು ಬಿದ್ದರೆ ಅವೆಲ್ಲ ಎದ್ದು ಕಾಣುತ್ತವೆ. ಬಣ್ಣವನ್ನೂ ಹೊಳಪನ್ನೂ ಯಂತ್ರದಲ್ಲಿಯೇ ಹೆಚ್ಚಿಸಬಹುದು. ಎಲ್ಲಿಂದಲೋ ತಂದ ಉತ್ತಮ ನಾಣ್ಯದ ಚಿತ್ರ ಹಾಕಿ, ಬೇರೆ ನಾಣ್ಯವನ್ನು ಅಂಚೆಯಲ್ಲಿ ಕಳುಹಿಸುವವರೂ ಇದ್ದಾರೆ. ‘ಇದೇ ನಾಣ್ಯದ ಎರಡು ಮುಖಗಳ, ಅಂಚಿನ, ಓರೆ ಬೆಳಕಿನ ಚಿತ್ರ ಕಳುಹಿಸಿರಿ’ ಎಂದು ಕೇಳಿದರೆ ನಿಜವಾದ ವ್ಯಾಪಾರಿ ಬೇಸರಿಸುವುದಿಲ್ಲ.

ಹೊಳಪಿಗೆ ಮರುಳಾಗುವುದು ನಮ್ಮ ಮನೆಗಳಲ್ಲಿಯೂ ಇದೆ. ವರಮಹಾಲಕ್ಷ್ಮಿಯ ಹಬ್ಬದ ಹಿಂದಿನ ದಿನ ದೇವರ ಪಾತ್ರೆಗಳ ಜೊತೆಗೆ ಅಜ್ಜಿಯ ಕಾಲದ ಬೆಳ್ಳಿ ರೂಪಾಯಿಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಪೂಜೆಗೆ ಅದು ಶುದ್ಧಿ. ಸಂಗ್ರಾಹಕನ ಕಣ್ಣಿಗೆ ಅದು ಹಾನಿ. ನೂರು ವರ್ಷಗಳಲ್ಲಿ ಬೆಳ್ಳಿಯ ಮೇಲೆ ತಾನಾಗಿ ಕಟ್ಟಿದ ಮಬ್ಬು ಬಣ್ಣ ಹೋದರೆ ತಿರುಗಿ ಬರುವುದಿಲ್ಲ; ತಿಕ್ಕಿದ ಗೀರು ಮಾಸುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯಂತೆ, ಹೊಳೆಯುವುದೆಲ್ಲ ಹೊಸದಲ್ಲ. ಹೀಗೆ ಉಜ್ಜಿ ಬೆಳಗಿದ ನಾಣ್ಯವನ್ನು ‘ಚಲಾವಣೆಗೇ ಹೋಗದ್ದು’ ಎಂದು ಹರಾಜಿಗಿಡುವುದು ಬಹು ಸಾಮಾನ್ಯವಾದ ಠಕ್ಕು. ಪೂಜೆಯ ನಾಣ್ಯಗಳನ್ನು ಪೂಜೆಗೇ ಇಟ್ಟುಕೊಳ್ಳಿರಿ. ಉಳಿದವನ್ನು ತೊಳೆಯದೆ, ಅಂಚಿನಲ್ಲಿ ಹಿಡಿದು, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಡಿರಿ.

ಮಾರುವವನೇ ದರ್ಜೆ ಹೇಳುವ ದೋಷಕ್ಕೆ ಮದ್ದಾಗಿ ಅಮೆರಿಕದಲ್ಲಿ ಮೂರನೆಯವರ ಪರೀಕ್ಷೆ ಬಂದಿತು. 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಎಂಬ ಸಂಸ್ಥೆಗಳು ಹುಟ್ಟಿದವು. ಇವರು ನಾಣ್ಯವನ್ನು ಪರೀಕ್ಷಿಸಿ, ದರ್ಜೆಯ ಅಂಕಿಯನ್ನೂ ಕ್ರಮಸಂಖ್ಯೆಯನ್ನೂ ಬರೆದ ಚೀಟಿಯೊಡನೆ ಗಟ್ಟಿಯಾದ ಪಾರದರ್ಶಕ ಕರಡಿಗೆಯಲ್ಲಿ ಮುಚ್ಚಿ ಕೊಡುತ್ತಾರೆ. ಉಜ್ಜಿದ ನಾಣ್ಯವಾದರೆ ಅಂಕಿ ಕೊಡದೆ, ಶುಚಿಮಾಡಲಾಗಿದೆ ಎಂದು ಬರೆಯುತ್ತಾರೆ. ಮದ್ದು ಒಳ್ಳೆಯದೇ, ಆದರೆ ಮದ್ದಿನ ಸೀಸೆಯನ್ನೇ ನಕಲು ಮಾಡುವವರು ಹುಟ್ಟಿಕೊಂಡರು. ಖೋಟಾ ಕರಡಿಗೆಯಲ್ಲಿ ಖೋಟಾ ನಾಣ್ಯ ಬರುತ್ತದೆ. ತಾವೇ ಮಾಡಿಕೊಂಡ ಪ್ಲಾಸ್ಟಿಕ್ ಕರಡಿಗೆಯಲ್ಲಿ ತಾವೇ ಕೊಟ್ಟ ದೊಡ್ಡ ಅಂಕಿಯನ್ನು ಅಚ್ಚುಹಾಕಿ ಮಾರುವವರೂ ಉಂಟು. ಆದುದರಿಂದ ಚೀಟಿಯ ಕ್ರಮಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹುಡುಕಿ, ಅಲ್ಲಿ ಚಿತ್ರವಿದ್ದರೆ ಕೈಯಲ್ಲಿರುವ ನಾಣ್ಯದೊಡನೆ ಗೀರಿಗೆ ಗೀರು ಹೋಲಿಸಬೇಕು. ಕರಡಿಗೆಯನ್ನು ಕೊಳ್ಳಬೇಡಿ, ಒಳಗಣ ನಾಣ್ಯವನ್ನು ಕೊಳ್ಳಿರಿ.

ಈಗ ಬೆಲೆಗೆ ಬರೋಣ. ಕೇಳುವ ಬೆಲೆ ಬೇರೆ, ಮಾರಿದ ಬೆಲೆ ಬೇರೆ. ಸಂತೆಯಲ್ಲಿ ಕುಂಬಳಕಾಯಿಗೆ ಯಾರು ಎಷ್ಟು ಬೇಕಾದರೂ ಹೇಳಬಹುದು; ಸಂಜೆ ಅದು ಎಷ್ಟಕ್ಕೆ ಹೋಯಿತೆಂಬುದೇ ಧಾರಣೆ. ಅಂತರಜಾಲದಲ್ಲಿ ಒಬ್ಬನು ಸಾಮಾನ್ಯ ನಾಣ್ಯಕ್ಕೆ ಐದು ಲಕ್ಷ ಎಂದು ಬರೆಯುತ್ತಾನೆ. ಅದನ್ನು ನೋಡಿ ಇನ್ನೊಬ್ಬನು ನಾಲ್ಕು ಲಕ್ಷ ಎನ್ನುತ್ತಾನೆ. ಮೂರನೆಯವನು ಎರಡು ಸಾವಿರಕ್ಕೆ ಕೊಡುವೆನೆಂದಾಗ ಕೊಳ್ಳುವವನಿಗೆ ಅದು ಅಗ್ಗವಾಗಿ ಕಾಣುತ್ತದೆ. ಒಂದೂ ಮಾರಾಟವಾಗದೆ ಬೆಲೆ ಹುಟ್ಟಿದ ಬಗೆ ಇದು. ಮುಗಿದ ಹರಾಜುಗಳ ಫಲಿತಾಂಶವನ್ನು ಪ್ರಕಟಿಸುವ ಹರಾಜು ಮನೆಗಳಿವೆ, ಅದೇ ನಾಣ್ಯ, ಅದೇ ಇಸವಿ, ಅದೇ ದರ್ಜೆ ಹಿಂದೆ ಎಷ್ಟಕ್ಕೆ ಹೋಯಿತೆಂಬುದನ್ನು ಅಲ್ಲಿ ನೋಡಬೇಕು, ಒಂದನ್ನಲ್ಲ, ಹಲವನ್ನು. ಒಂದೇ ಹರಾಜಿನಲ್ಲಿ ಮಾರುವವನ ಕಡೆಯವರೇ ಕೊಳ್ಳುವವರಂತೆ ಕೂಗಿ ಬೆಲೆ ಏರಿಸಿರಬಹುದು. ಕೂಗಿನ ಬೆಲೆಯ ಮೇಲೆ ಹರಾಜು ಮನೆಯ ಶುಲ್ಕ, ತೆರಿಗೆ, ಅಂಚೆವೆಚ್ಚ ಸೇರುತ್ತವೆಂಬುದನ್ನೂ ಮೊದಲೇ ಕೂಡಿಸಿಕೊಳ್ಳಬೇಕು.

ಬೆಳ್ಳಿಯ ನಾಣ್ಯಕ್ಕೆ ಮನೆಯಲ್ಲಿಯೇ ಒಂದು ತಳಹದಿಯ ಬೆಲೆಯನ್ನು ಲೆಕ್ಕ ಹಾಕಬಹುದು. ಹಳೆಯ ರೂಪಾಯಿಯ ತೂಕ ಒಂದು ತೊಲ, ಎಂದರೆ 11.66 ಗ್ರಾಂ. 1939ರವರೆಗಿನವುಗಳಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಸುಮಾರು 10.7 ಗ್ರಾಂ ಆಯಿತು. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಅರ್ಧವೇ ಬೆಳ್ಳಿ, 5.83 ಗ್ರಾಂ. ಹುಲಿಯ ಚಿತ್ರವಿರುವ 1947ರ ರೂಪಾಯಿ ನಿಕ್ಕಲ್ಲಿನದು, ಅದರಲ್ಲಿ ಬೆಳ್ಳಿಯೇ ಇಲ್ಲ. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಆ ದಿನದ ಬೆಳ್ಳಿಯ ಧಾರಣೆಯಿಂದ ಗುಣಿಸಿದರೆ ಲೋಹದ ಬೆಲೆ ತಿಳಿಯುತ್ತದೆ. ಅದಕ್ಕೆ ಮೇಲ್ಪಟ್ಟು ಕೇಳುವ ಪ್ರತಿಯೊಂದು ರೂಪಾಯಿಗೂ ಮಾರುವವನು ಕಾರಣ ಹೇಳಬೇಕು.

ಕಾರಣವಾಗಿ ಹೇಳುವ ಕಥೆಗಳಲ್ಲಿ ಕೆಲವನ್ನು ತಿಳಿದಿರುವುದು ಒಳ್ಳೆಯದು. ವೈಷ್ಣೋದೇವಿಯ ಚಿತ್ರವಿರುವ 5 ಮತ್ತು 10 ರೂಪಾಯಿಯ ನಾಣ್ಯಗಳನ್ನು ಲಕ್ಷಗಟ್ಟಲೆ ಬೆಲೆಗೆ ಕೊಳ್ಳುವರೆಂಬ ಪ್ರಕಟಣೆಗಳನ್ನು ನೀವೂ ನೋಡಿರಬಹುದು. ಅವು 2012ರಲ್ಲಿ ದೇವಸ್ಥಾನ ಮಂಡಲಿಯ ಬೆಳ್ಳಿಹಬ್ಬದ ನೆನಪಿಗಾಗಿ ಸರ್ಕಾರ ಹೊರಡಿಸಿ ಚಲಾವಣೆಗೆ ಬಿಟ್ಟ ನಾಣ್ಯಗಳು; ಅಪರೂಪದವಲ್ಲ. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಬಹಳ ಬೆಲೆ ಎನ್ನುತ್ತಾರೆ. ನಕ್ಷತ್ರವು ಹೈದರಾಬಾದಿನ ಟಂಕಸಾಲೆಯ ಗುರುತು, ಅಪೂರ್ವತೆಯ ಗುರುತಲ್ಲ. ನೋಯ್ಡಾದ ಗುರುತು ಚುಕ್ಕೆ, ಮುಂಬಯಿಯದು ವಜ್ರಾಕೃತಿ. ಕಲ್ಕತ್ತೆಯದಕ್ಕೆ ಗುರುತೇ ಇಲ್ಲ. ಇನ್ನು ರಾಮ, ಹನುಮಂತರ ಚಿತ್ರವಿದ್ದು ‘ಈಸ್ಟ್ ಇಂಡಿಯಾ ಕಂಪನಿ, 1818, ಒಂದಾಣೆ’ ಎಂದು ಬರೆದಿರುವ ಬಿಲ್ಲೆಗಳು. ಕಂಪನಿ ಇಂಥವನ್ನು ಹೊರಡಿಸಲೇ ಇಲ್ಲ. ಬ್ರಿಟಿಷ್ ಭಾರತಕ್ಕೆಲ್ಲ ಒಂದೇ ಬಗೆಯ ನಾಣ್ಯ ಬಂದುದೇ 1835ರಲ್ಲಿ. ಒಂದಾಣೆಯ ನಾಣ್ಯ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಆದರೂ ಜನ ನಂಬುವುದಕ್ಕೆ ಕಾರಣವಿದೆ. ಮದರಾಸಿನಲ್ಲಿ ಕಂಪನಿಯು ದೇವರ ಚಿತ್ರವಿದ್ದ ವರಹಗಳನ್ನು ನಿಜವಾಗಿಯೂ ಹೊರಡಿಸಿತ್ತು. ಕೃಷ್ಣದೇವರಾಯನ ವರಹಗಳಲ್ಲಿ ಬಾಲಕೃಷ್ಣನೂ ವೆಂಕಟೇಶ್ವರನೂ ಇದ್ದಾರೆ. ಅರ್ಧ ಸತ್ಯದ ಮೇಲೆ ನಿಂತ ಸುಳ್ಳು ಬೇಗ ಬೀಳುವುದಿಲ್ಲ.

ನಮ್ಮ ಸೀಮೆಯ ನಾಣ್ಯಗಳಿಗೂ ಇಂಥ ಕಥೆಗಳು ಅಂಟಿಕೊಂಡಿವೆ. ಟಿಪ್ಪುವಿನ ಆನೆ ಮುದ್ರೆಯ ತಾಮ್ರದ ಕಾಸುಗಳ ಮೇಲೆ, ಅವನು ತಂದ ಮೌಲೂದಿ ಶಕೆಯ ವರ್ಷಗಳನ್ನು ಬಲದಿಂದ ಎಡಕ್ಕೆ ಬರೆದಿದೆ. 1215 ಎಂಬುದು 5121 ಎಂಬಂತೆ ಕಾಣುತ್ತದೆ. ತಿಳಿಯದವನು ಅದನ್ನು ಅಚ್ಚಿನ ತಪ್ಪೆಂದು ಹೇಳಿ ಹೆಚ್ಚು ಕೇಳಬಹುದು. ಅದು ತಪ್ಪಲ್ಲ, ಅಂದಿನ ಪದ್ಧತಿ.

ಇದು ಕೊಳ್ಳುವವರ ಸಂಕಟವಾಯಿತು. ಮಾರಹೊರಟವರ ಸಂಕಟ ಇನ್ನೂ ಕಹಿಯಾದುದು. ನಮ್ಮ ಬೀದಿಯ ನಿವೃತ್ತ ಗುಮಾಸ್ತರೊಬ್ಬರು ಒಂದು ದಿನ ಕೈಯಲ್ಲಿ ಮೊಬೈಲು ಹಿಡಿದು ಬಂದರು. “ಮೇಷ್ಟ್ರೇ, ನಮ್ಮ ತಂದೆಯ ಪೆಟ್ಟಿಗೆಯಲ್ಲಿದ್ದ ಹತ್ತು ನಾಣ್ಯಕ್ಕೆ ಮೂರು ಲಕ್ಷ ಕೊಡುತ್ತಾರಂತೆ. ಮೊದಲು ನೋಂದಣಿ ಎಂದು ಕೇಳಿದರು, ಕಟ್ಟಿದೆ. ಆಮೇಲೆ ತೆರಿಗೆ ಎಂದರು, ಅದನ್ನೂ ಕಟ್ಟಿದೆ. ಈಗ ರಿಸರ್ವ್ ಬ್ಯಾಂಕಿನ ಅಪ್ಪಣೆಗೆ ಇನ್ನೊಂದಿಷ್ಟು ಕಟ್ಟಬೇಕಂತೆ. ಈ ಇಂಗ್ಲಿಷ್ ಕಾಗದ ಸರಿಯಾಗಿದೆಯೇ ನೋಡಿ” ಎಂದರು. ಕಾಗದದಲ್ಲಿ ಬ್ಯಾಂಕಿನ ಲಾಂಛನವಿತ್ತು, ಮೊಹರಿತ್ತು. ಮಗಳ ಹೆರಿಗೆಗೆಂದು ಇಟ್ಟಿದ್ದ ಹಣ ಆಗಲೇ ಹೋಗಿತ್ತು. ಇದು ಅವರೊಬ್ಬರ ಕಥೆಯಲ್ಲ. ತನ್ನ ಹೆಸರನ್ನೂ ಲಾಂಛನವನ್ನೂ ಬಳಸಿ ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ಶುಲ್ಕ, ದಳ್ಳಾಳಿ, ತೆರಿಗೆ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್ 4ರಂದು ಪ್ರಕಟಣೆ ಹೊರಡಿಸಿ ಎಚ್ಚರಿಸಿತು. ಬ್ಯಾಂಕು ಇಂಥ ವ್ಯವಹಾರದಲ್ಲಿ ತೊಡಗುವುದಿಲ್ಲ, ಯಾರಿಗೂ ಅದರ ಅಧಿಕಾರವನ್ನು ಕೊಟ್ಟಿಲ್ಲ ಎಂದು ಅದು ತಿಳಿಸಿತು. ಸೂತ್ರ ಒಂದೇ: ನಿಮ್ಮ ವಸ್ತುವನ್ನು ಕೊಳ್ಳುವವನು ನಿಮಗೆ ಹಣ ಕೊಡಬೇಕು, ಅವನೇ ನಿಮ್ಮಿಂದ ಹಣ ಕೇಳಿದರೆ ಅವನು ಕೊಳ್ಳುವವನಲ್ಲ. ಹಣ ಹೋದುದು ತಿಳಿದೊಡನೆ 1930 ಎಂಬ ದೂರವಾಣಿ ಸಂಖ್ಯೆಗೆ ದೂರು ಕೊಡಬೇಕು. ಹೊತ್ತು ಕಳೆದಷ್ಟೂ ಹಣ ಕೈಗೆ ಸಿಗದಷ್ಟು ದೂರ ಹೋಗುತ್ತದೆ.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಮೊದಲು ನಾಣ್ಯದ ಇಸವಿ, ಹೆಸರು, ಟಂಕಸಾಲೆಯ ಗುರುತನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಗ್ರಾಮಿನ ಭಿನ್ನಾಂಶ ತೋರಿಸುವ ತಕ್ಕಡಿಯಲ್ಲಿ, ಬೇಕಾದರೆ ಪರಿಚಯದ ಅಕ್ಕಸಾಲಿಗರ ಅಂಗಡಿಯಲ್ಲಿ, ತೂಗಿಸಬೇಕು. ಅಂಚನ್ನು ನೋಡಬೇಕು, ಎರಕದ ಖೋಟಾ ನಾಣ್ಯದಲ್ಲಿ ಅಂಚಿನ ಸುತ್ತ ಬೆಸುಗೆಯಂಥ ಗೆರೆಯೂ, ಮೈಮೇಲೆ ಗುಳ್ಳೆಯ ಸಣ್ಣ ಕುಳಿಗಳೂ ಕಾಣಬಹುದು. ಆದರೆ ತೂಕವೊಂದೇ ಸಾಲದು. 1938ರ ನಿಜವಾದ ರೂಪಾಯಿಯ ಕೊನೆಯ ಅಂಕಿಯನ್ನು ತಿದ್ದಿ 1939 ಮಾಡಿದ್ದರೆ ತೂಕವೂ ಸರಿಯಿರುತ್ತದೆ, ಬೆಳ್ಳಿಯೂ ಸರಿಯಿರುತ್ತದೆ. ಅಂಥ ನಾಣ್ಯವನ್ನು ಬಲ್ಲವರಿಗೆ ತೋರಿಸದೆ ಕೊಳ್ಳಲೇಬಾರದು. ದೊಡ್ಡ ಊರುಗಳಲ್ಲಿ ನಾಣ್ಯ ಸಂಗ್ರಾಹಕರ ಸಂಘಗಳಿವೆ. ಅವರ ಪ್ರದರ್ಶನಗಳಿಗೆ ಹೋಗಿ ಕೇಳಬಹುದು. ಕೊಳ್ಳುವ ಮೊದಲು, ದರ್ಜೆ ಹೇಳಿದಂತಿಲ್ಲದಿದ್ದರೆ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುವಿರಾ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಹರಾಜಿನ ಗಡಿಯಾರ ಓಡುತ್ತಿದ್ದರೆ ಓಡಲಿ. ನಿಧಾನವೇ ಪ್ರಧಾನ.

ಕಾಯಿದೆಯ ಮಾತನ್ನೂ ಮರೆಯಬಾರದು. 1972ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ತುಂಬಿದ ನಾಣ್ಯ ಪ್ರಾಚೀನ ವಸ್ತುವೆನಿಸುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ಹೊರದೇಶದ ಗಿರಾಕಿ ದೊಡ್ಡ ಬೆಲೆ ಹೇಳಿದನೆಂದು ಅಂಚೆಯಲ್ಲಿ ಕಳುಹಿಸಿದರೆ ನಾಣ್ಯವೂ ಹೋದೀತು, ಮೊಕದ್ದಮೆಯೂ ಬಂದೀತು. ಹೊಲದಲ್ಲಿ, ಪಾಯದಲ್ಲಿ ದೊರೆತ ನಿಧಿಯನ್ನು ಹರಾಜಿಗಿಡದೆ ಸರ್ಕಾರಕ್ಕೆ ತಿಳಿಸಬೇಕು.

ಇಷ್ಟೆಲ್ಲ ಹೇಳಿದ್ದು ನಾಣ್ಯ ಸಂಗ್ರಹವೇ ಬೇಡವೆಂದಲ್ಲ. ಮಕ್ಕಳಿಗೆ ಇತಿಹಾಸ, ಲಿಪಿ, ಲೆಕ್ಕ ಮೂರನ್ನೂ ಒಟ್ಟಿಗೆ ಕಲಿಸಲು ಇದರಂಥ ಹವ್ಯಾಸ ಇನ್ನೊಂದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಸವೆದ ತಾಮ್ರದ ಕಾಸಿನ ಮೇಲೆ ‘ಶ್ರೀ’ ಎಂಬ ಕನ್ನಡದ ಅಕ್ಷರವನ್ನು ತಾನಾಗಿ ಓದಿದ ಹುಡುಗನ ಮುಖವನ್ನು ತರಗತಿಯಲ್ಲಿ ನೋಡಿದ್ದೇನೆ. ಆ ಕಾಸಿಗೆ ಪೇಟೆಯಲ್ಲಿ ದೊಡ್ಡ ಬೆಲೆಯೇನೂ ಇರಲಿಲ್ಲ. ದರ್ಜೆಯ ಪಟ್ಟಿಯಲ್ಲಿ ಅದು ಎಲ್ಲಕ್ಕೂ ಕೆಳಗೆ ನಿಲ್ಲುತ್ತಿತ್ತು. ಮನೆಯಲ್ಲಿ ಮಕ್ಕಳು ನಾಣ್ಯ ಕೂಡಿಡತೊಡಗಿದರೆ, ಮೊದಲ ವರ್ಷ ಹಣ ಕೊಟ್ಟು ಏನನ್ನೂ ಕೊಳ್ಳದಂತೆ ನೋಡಿಕೊಳ್ಳಿರಿ. ಮನೆಯಲ್ಲಿರುವವನ್ನೇ ತೂಗಲಿ, ಓದಲಿ, ಪಟ್ಟಿ ಮಾಡಲಿ. ಕಣ್ಣು ಪಳಗಿದ ಮೇಲೆ ಕೊಳ್ಳುವುದು ಇದ್ದೇ ಇದೆ.